ಐದು ದಿನ, 550 ಮಿಲಿ ನೀರು: ಕೊರಿಯಾದ ರಾಮ್ಯನ್ ಹಾದಿ

ಮೊದಲ ದಿನ: ನಮ್ದೇಮುನ್ ಮಾರುಕಟ್ಟೆ

ಸಿಯೋಲ್ ಮೆಟ್ರೊದ ನಾಲ್ಕನೇ ಮಾರ್ಗದಲ್ಲಿ ಹ್ವೇಹ್ಯೊನ್ ನಿಲ್ದಾಣಕ್ಕೆ ಇಳಿದು ಐದನೇ ದ್ವಾರದಿಂದ ಮೇಲೆ ಬಂದರೆ ನಮ್ದೇಮುನ್ ಮಾರುಕಟ್ಟೆ ಎದುರಿಗೇ ಇದೆ. ದ್ವಾರದ ಪಕ್ಕದ ಕಿರುಗಲ್ಲಿಯಲ್ಲಿ ಬೆಂಚಿಗೆ ಬೆಂಚು ತಾಗುವಷ್ಟು ಒತ್ತಾಗಿ ಕೂತು ಜನ ಕಲ್‌ಗುಕ್ಸು ತಿನ್ನುತ್ತಿರುತ್ತಾರೆ. ಕಲ್ ಅಂದರೆ ಚಾಕು, ಗುಕ್ಸು ಅಂದರೆ ಶಾವಿಗೆ. ಗೋಧಿ ಹಿಟ್ಟನ್ನು ಲಟ್ಟಿಸಿ, ಮಡಿಸಿ, ಚಾಕುವಿನಿಂದ ಕತ್ತರಿಸಿ, ಕುದಿಯುವ ಸಾರಿಗೆ ಬಿಟ್ಟದ್ದು. ಐದು ದಿನದ ಈ ಸುತ್ತಾಟ ರಾಮ್ಯನ್ ಎಂಬ ಪ್ಯಾಕೆಟ್ ನೂಡಲ್ಸ್‌ಗಾಗಿಯೇ ಆದರೂ ಮೊದಲ ಬಟ್ಟಲು ಇದೇ ಇರಲಿ. ಕೊರಿಯನ್ನರ ನಾಲಿಗೆಗೆ ಎಳೆಗಿಂತ ಸಾರು ದೊಡ್ಡದು ಎಂಬುದು ಇಲ್ಲಿ ಗೊತ್ತಾಗದಿದ್ದರೆ ಮುಂದಿನ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

1960ರ ದಶಕದ ಆರಂಭದಲ್ಲಿ ಇದೇ ಮಾರುಕಟ್ಟೆಯಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಕುಲ್ಕುರಿಜುಕ್‌ಗಾಗಿ. ಹೆಸರಿನ ಅರ್ಥವೇ ಹಂದಿ ಗಂಜಿ. ಅಮೆರಿಕನ್ ಸೇನಾ ಶಿಬಿರಗಳ ಊಟದಲ್ಲಿ ಮಿಕ್ಕಿದ್ದನ್ನೆಲ್ಲ ಒಂದೇ ಹಂಡೆಗೆ ಸುರಿದು ಕುದಿಸಿದ್ದು, ಬಟ್ಟಲಿಗೆ 5 ವಾನ್. ಕೊರಿಯಾ ಯುದ್ಧ ನಿಂತು ಇನ್ನೂ ಹತ್ತು ವರ್ಷ ಆಗಿರಲಿಲ್ಲ, ಅಕ್ಕಿಗೆ ತತ್ವಾರ. ವಿಮಾ ಕ್ಷೇತ್ರದಲ್ಲಿದ್ದ ಜೊನ್ ಜುಂಗ್‌ಯುನ್ ಆ ಸಾಲನ್ನು ಕಂಡು, ಹಿಂದೆ ಜಪಾನಿನಲ್ಲಿ ತಿಂದಿದ್ದ ದಿಢೀರ್ ನೂಡಲ್ಸ್ ನೆನಪಿಸಿಕೊಂಡರು ಎಂಬುದು ಅವರೇ 1961ರಲ್ಲಿ ಕಟ್ಟಿದ ಸಮ್ಯಾಂಗ್ ಕಂಪನಿ ಹೇಳುತ್ತ ಬಂದ ಕಥೆ. ಜಪಾನಿನಲ್ಲಿ ಮೊಮೊಫುಕು ಆಂಡೊ ಮೊದಲ ದಿಢೀರ್ ನೂಡಲ್ಸ್ ಮಾರಾಟಕ್ಕೆ ತಂದದ್ದು 1958ರಲ್ಲಿ. ಆದರೆ ಜೊನ್ ಅವರನ್ನು ಕೈಹಿಡಿದು ಎತ್ತಿದ್ದು ಬೇರೆ ಕಂಪನಿ, ಮ್ಯೋಜೊ. ಅದರ ಅಧ್ಯಕ್ಷ ಒಕುಇ ಕಿಯೊಸುಮಿ ಯಂತ್ರಗಳಿಗೆ ಮಾತ್ರ ಹಣ ಪಡೆದು ತಂತ್ರವನ್ನು ಪುಕ್ಕಟೆ ಕಲಿಸಿದರು. ಸಾರಿನ ಪುಡಿಯ ಪಾಕಸೂತ್ರವನ್ನಂತೂ ಕೊನೆಯ ಗಳಿಗೆಯಲ್ಲಿ, ವಿಮಾನ ನಿಲ್ದಾಣದಲ್ಲಿ, ಲಕೋಟೆಯಲ್ಲಿಟ್ಟು ಕೊಡಿಸಿದರಂತೆ.

1963ರ ಸೆಪ್ಟೆಂಬರ್ 15ರಂದು ಸಮ್ಯಾಂಗ್ ರಾಮ್ಯನ್ ಅಂಗಡಿಗೆ ಬಂತು: 100 ಗ್ರಾಂ, 10 ವಾನ್, ಕೋಳಿಯ ಸಾರು. ಖಾರ ಇರಲೇ ಇಲ್ಲ. ಅಗ್ಗವಾಗಿದ್ದರೂ ಮೊದಮೊದಲು ಓಡಲಿಲ್ಲ. ಕೊರಿಯನ್ ಭಾಷೆಯಲ್ಲಿ ‘ಮ್ಯನ್’ ಎಂದರೆ ನೂಡಲ್ಸ್ ಹೇಗೋ ಹತ್ತಿಬಟ್ಟೆಯೂ ಹಾಗೆಯೇ. ರಾಮ್ಯನ್ ಎಂದರೆ ಯಾವುದೋ ಹೊಸ ಬಟ್ಟೆ ಅಂದುಕೊಂಡವರೂ ಇದ್ದರಂತೆ. ಕಂಪನಿಯವರು ಬೀದಿಯಲ್ಲಿ ಒಲೆ ಹೂಡಿ ರುಚಿ ತೋರಿಸಬೇಕಾಯಿತು.

ಗಿರಾಕಿ ಗಟ್ಟಿಯಾದದ್ದು ಸರಕಾರದ ಒತ್ತಾಯದಿಂದ. ಅಕ್ಕಿ ಉಳಿಸಲು ‘ಹೊನ್‌ಬುನ್ಶಿಕ್’ ಆಂದೋಲನ ನಡೆಯಿತು, ಅಂದರೆ ಮಿಶ್ರಧಾನ್ಯ ಮತ್ತು ಹಿಟ್ಟಿನ ಊಟ. ಶಾಲೆಯಲ್ಲಿ ಮೇಷ್ಟರು ಮಕ್ಕಳ ಬುತ್ತಿ ತೆಗೆಸಿ ಅನ್ನದಲ್ಲಿ ಬಾರ್ಲಿ ಬೆರೆತಿದೆಯೇ ಎಂದು ನೋಡುತ್ತಿದ್ದರು. 1969ರಿಂದ ಬುಧವಾರ, ಶನಿವಾರ ಹಗಲು ಹೋಟೆಲುಗಳು ಅನ್ನ ಬಡಿಸುವಂತಿರಲಿಲ್ಲ. ಅಮೆರಿಕದಿಂದ ನೆರವಾಗಿ ಬಂದ ಗೋಧಿ ಹಿಟ್ಟಂತೂ ಹೇರಳವಾಗಿತ್ತು. ಇಂದಿಗೂ ಮೂಲೆ ಮೂಲೆಯಲ್ಲಿರುವ ಅಗ್ಗದ ತಿಂಡಿ ಅಂಗಡಿಗೆ ‘ಬುನ್ಶಿಕ್‌ಜಿಪ್’ ಎಂದೇ ಹೆಸರು. ಹಿಟ್ಟಿನ ತಿಂಡಿಯ ಮನೆ. ಸಂಜೆ ಅಂಥ ಒಂದು ಅಂಗಡಿ ಹೊಕ್ಕು ರಾಮ್ಯನ್ ಹೇಳಿ. ಹಳದಿ ಬಣ್ಣದ ತೆಳು ಅಲ್ಯುಮಿನಿಯಂ ಪಾತ್ರೆ, ಯಾಂಗುನ್ ನೆಂಬಿ, ಒಲೆಯಿಂದ ನೇರ ಮೇಜಿಗೆ ಬರುತ್ತದೆ. ಆ ಪಾತ್ರೆ ಬರೀ ಶೋಕಿಯಲ್ಲ. ತೆಳುವಾದ್ದರಿಂದ ಬೇಗ ಕಾಯುತ್ತದೆ, ಎಳೆ ಹಾಕಿದ ಮೇಲೂ ಕುದಿ ಬೇಗ ಮರಳುತ್ತದೆ. ಮುಚ್ಚಳವೇ ತಟ್ಟೆ. ಮನೆಗೆ ಕೊಳ್ಳುವುದಾದರೆ ಹಳದಿ ಲೇಪ ಕೆರೆದುಹೋದ ಪಾತ್ರೆಯನ್ನು ಅಡುಗೆಗೆ ಬಳಸಬಾರದು ಎಂಬುದು ನೆನಪಿರಲಿ.

ಎರಡನೇ ದಿನ: ಹೊಂಗ್‌ದೇ, ಆಮೇಲೆ ಹಾನ್ ನದಿ

ಬೆಳಿಗ್ಗೆ ಎರಡನೇ ಮಾರ್ಗದ ಹೊಂಗಿಕ್ ವಿಶ್ವವಿದ್ಯಾಲಯ ನಿಲ್ದಾಣ. ಸಿಯು ಎಂಬ ಸರಣಿ ಅಂಗಡಿಯವರು 2023ರ ಡಿಸೆಂಬರಿನಲ್ಲಿ ಇಲ್ಲಿ ‘ರಾಮ್ಯನ್ ಲೈಬ್ರರಿ’ ತೆರೆದರು. ಪುಸ್ತಕದ ಕಪಾಟಿನಂತೆ ಗೋಡೆ ತುಂಬ ಇನ್ನೂರಕ್ಕೂ ಹೆಚ್ಚು ಬಗೆಯ ಪ್ಯಾಕೆಟ್ಟುಗಳು, ತಿನ್ನಲು ಕಪ್ ನೂಡಲ್ಸ್ ಆಕಾರದ ಎತ್ತರದ ಮೇಜುಗಳು. ಮೊದಲ ಸಲ ನೋಡುವವರು ಬಣ್ಣಕ್ಕೆ ಮರುಳಾಗಿ ಐದಾರು ಎತ್ತಿಕೊಳ್ಳುತ್ತಾರೆ. ಅದರಲ್ಲಿ ನಾಲ್ಕು ಒಂದೇ ಕುಲದವು ಎಂದು ತಿಂದ ಮೇಲೆ ತಿಳಿಯುತ್ತದೆ. ಗೋಡೆಯನ್ನು ಸಾರಿನ ಲೆಕ್ಕದಲ್ಲಿ ಓದಬೇಕು.

ಕೆಂಪು ಗೋಮಾಂಸದ ಸಾರಿನದು ದೊಡ್ಡ ಕುಲ. ಅದರ ಯಜಮಾನ 1986ರ ಅಕ್ಟೋಬರಿನಲ್ಲಿ ಬಂದ ಶಿನ್ ರಾಮ್ಯನ್. ಪ್ಯಾಕೆಟ್ಟಿನ ಮೇಲೆ ದಪ್ಪಗೆ ಇರುವ ಚೀನೀ ಅಕ್ಷರಕ್ಕೆ ಖಾರ ಎಂದು ಅರ್ಥ. ತಯಾರಕರಾದ ನೊಂಗ್‌ಶಿಮ್ ಕಂಪನಿಯ ಸ್ಥಾಪಕ ಶಿನ್ ಚುನ್‌ಹೊ ಅವರ ಮನೆತನದ ಹೆಸರೂ ಅದೇ. 1965ರಲ್ಲಿ ಬೇರೆ ಹೆಸರಿನಿಂದ ಶುರುವಾದ ಈ ಕಂಪನಿ 1978ರಲ್ಲಿ ನೊಂಗ್‌ಶಿಮ್ ಆಯಿತು, ರೈತನ ಹೃದಯ ಎಂದರ್ಥ. 1982ರಲ್ಲಿ ಆನ್‌ಸಂಗ್ ಎಂಬ ಊರಿನಲ್ಲಿ ಸಾರಿನ ಪುಡಿಗೆಂದೇ ಬೇರೆ ಕಾರ್ಖಾನೆ ಕಟ್ಟಿದ್ದು ಆಟವನ್ನೇ ಬದಲಿಸಿತು. ಆ ವರ್ಷವೇ ಸಮುದ್ರದ ಸಾರಿನ ನೊಗುರಿ, ಮರುವರ್ಷ ಹುಳಿಬಂದ ಸೋಯಾ ಹಿಟ್ಟಿನ ಗಮಲಿರುವ ಆನ್‌ಸಂಗ್‌ಟಾಂಗ್‌ಮ್ಯನ್, 1984ರಲ್ಲಿ ಚಾಪಗೆಟ್ಟಿ, 1986ರಲ್ಲಿ ಶಿನ್. ನಲವತ್ತು ವರ್ಷ ಕಳೆದರೂ ಅಂಗಡಿಯ ಕಣ್ಣಳತೆಯ ಸಾಲಿನಲ್ಲಿ ಕೂತಿರುವುದು ಈ ನಾಲ್ಕೈದು ವರ್ಷದ ಫಸಲೇ. ಇದೇ ಕುಲದ ಇನ್ನೊಂದು ಒಟ್ಟೋಗಿ ಕಂಪನಿಯ ಜಿನ್ ರಾಮ್ಯನ್, 1988ರದು. ಅದರಲ್ಲಿ ಕೆಂಪು ಪ್ಯಾಕೆಟ್ಟು ಖಾರ, ನೀಲಿ ಸೌಮ್ಯ. ಮಕ್ಕಳೊಂದಿಗೆ ಹೋದವರಿಗೆ ನೀಲಿಯೇ ಗತಿ.

ಬಿಳಿ ಸಾರಿನ ಕುಲ ಚಿಕ್ಕದು. 2011ರಲ್ಲಿ ಹಾಸ್ಯನಟನೊಬ್ಬ ಟಿವಿಯಲ್ಲಿ ಮಾಡಿ ತೋರಿಸಿದ ಕೋಳಿ ಸಾರು, ಹಸಿಮೆಣಸಿನ ಖಾರದ ಕೊಕ್ಕೊಮ್ಯನ್ ಆಗಿ ಮಾರುಕಟ್ಟೆಗೆ ಬಂದಾಗ ಅಂಗಡಿಗಳಲ್ಲಿ ಸಿಗುವುದೇ ಕಷ್ಟವಾಗಿತ್ತು. ಬೇರೆ ಕಂಪನಿಗಳೂ ಬಿಳಿ ಸಾರಿಗೆ ಹಾರಿದವು. ಒಂದು ವರ್ಷದೊಳಗೆ ಅಬ್ಬರ ಇಳಿದು ಜನ ಕೆಂಪಿಗೇ ಮರಳಿದರು.

ಸಸ್ಯಾಹಾರಿಗಳು ಇಲ್ಲಿ ಅರ್ಧ ಗಂಟೆ ಹೆಚ್ಚು ಕಳೆದರೂ ನಷ್ಟವಿಲ್ಲ. ಪ್ಯಾಕೆಟ್ಟಿನ ಮೇಲೆ ಮಾಂಸದ ಚಿತ್ರ ಇಲ್ಲವೆಂದರೆ ಒಳಗೂ ಇಲ್ಲ ಎಂದುಕೊಳ್ಳಬೇಡಿ. ಹಿಂಬದಿಯಲ್ಲಿ ಅಲರ್ಜಿಯ ಪದಾರ್ಥಗಳ ಚೌಕ ಇರುತ್ತದೆ, ಕೊನೆಗೆ ‘ಹಮ್ಯು’, ಅಂದರೆ ‘ಒಳಗೊಂಡಿದೆ’ ಎಂಬ ಪದ. ಕೊರಿಯಾದ ನಿಯಮದಲ್ಲಿ ಗೋಮಾಂಸ, ಹಂದಿ, ಕೋಳಿ, ಸೀಗಡಿ, ಏಡಿ, ಸ್ಕ್ವಿಡ್ ಎಲ್ಲವೂ ಅಲರ್ಜಿ ಪಟ್ಟಿಯಲ್ಲಿ ಸೇರಿವೆ. ಹಾಗಾಗಿ ‘ಸೊಗೊಗಿ’ (ದನ), ‘ದ್ವೇಜಿಗೊಗಿ’ (ಹಂದಿ), ‘ದಕ್‌ಗೊಗಿ’ (ಕೋಳಿ), ‘ಸೆಉ’ (ಸೀಗಡಿ) ಮುಂತಾದ ಪದಗಳನ್ನು ಫೋನಿನ ಅನುವಾದಕದಿಂದ ಆ ಚೌಕದಲ್ಲಿ ಹುಡುಕಿದರೆ ಸಾಕು. ಒಂದು ಕಿಂಡಿ ಉಳಿಯುತ್ತದೆ: ಸಾರಿಗೆ ಹೆಚ್ಚಾಗಿ ಹಾಕುವ ಒಣ ಬತ್ತಾಸಿ ಮೀನು, ‘ಮ್ಯೊಲ್ಚಿ’, ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಮೇಲಿನ ಪೂರ್ತಿ ಪದಾರ್ಥ ಪಟ್ಟಿಯನ್ನೇ ಓದಬೇಕು. ಚೌಕದ ಕೆಳಗೆ ‘ಒಂದೇ ಕಾರ್ಖಾನೆಯಲ್ಲಿ ತಯಾರಾಗಿದೆ’ ಎಂಬ ಇನ್ನೊಂದು ಸಾಲು ಇರುತ್ತದೆ. ಅದು ಬೇರೆ ಸಂಗತಿ, ಎರಡನ್ನೂ ಕಲಸಿಕೊಳ್ಳಬೇಡಿ. ಈ ಗೊಂದಲವೇ ಬೇಡ ಎನ್ನುವವರಿಗೆ ಒಟ್ಟೋಗಿಯ ಚೇಹ್ವಾಂಗ್ (2019), ಪುಲ್ಮುವೊನ್ ಕಂಪನಿಯ ಜಂಗ್‌ಮ್ಯನ್ (2020) ಇವೆ. ಎರಡೂ ಪೂರ್ತಿ ಸಸ್ಯಜನ್ಯ, ತರಕಾರಿ ಸಾರಿನವು. ಚೇಹ್ವಾಂಗ್ ಸಪ್ಪೆಯ ಕಡೆಗೆ ವಾಲುತ್ತದೆ, ನಾಲ್ಕು ಹಸಿಮೆಣಸಿನ ಚೂರು ಬೇಡುತ್ತದೆ.

ಈಗ ಬೇಯಿಸುವ ಲೆಕ್ಕ. ಶಿನ್ ರಾಮ್ಯನ್‌ನ 120 ಗ್ರಾಂ ಪ್ಯಾಕೆಟ್ಟಿಗೆ ನೀರು 550 ಮಿಲಿ, ಕುದಿ ಬಂದ ಮೇಲೆ 4 ನಿಮಿಷ 30 ಸೆಕೆಂಡು. ಅಳತೆ ಲೋಟ ಇಲ್ಲದಿದ್ದರೆ ಕೊರಿಯಾದ ಸಾಮಾನ್ಯ ಕಾಗದದ ಕಪ್ಪಿನಲ್ಲಿ ಅಂಚಿನವರೆಗೆ ಮೂರು. ಒಂದಕ್ಕೆ ಸುಮಾರು 180 ಮಿಲಿ. ನಮ್ಮಲ್ಲಿ ಮ್ಯಾಗಿ ಮಾಡಿ ರೂಢಿಯಿದ್ದವರು ಮೊದಲು ತಪ್ಪುವುದು ಇಲ್ಲಿಯೇ. ಮ್ಯಾಗಿಯ ನೀರು ಎಳೆಯೊಳಗೆ ಇಂಗಿ ಮುಗಿಯಬೇಕು. ಇಲ್ಲಿ ಉಳಿಯುವ ನೀರೇ ಅರ್ಧ ಊಟ. ನೀರು ಕಡಿಮೆ ಮಾಡಿ ಪುಡಿಯನ್ನು ಪೂರ್ತಿ ಸುರಿದರೆ ಬಾಯಿಗಿಡಲಾಗದ ಉಪ್ಪು. ಶಿನ್‌ನ ಒಂದು ಪ್ಯಾಕೆಟ್ಟಿನಲ್ಲಿ ಸೋಡಿಯಂ 1,800 ಮಿಲಿಗ್ರಾಂ ಹತ್ತಿರ ಇರುತ್ತದೆ, ಅದರ ಬಹುಪಾಲು ಸಾರಿನಲ್ಲಿ.

ಎರಡು ಪ್ಯಾಕೆಟ್ಟಿಗೆ ನೀರನ್ನು ಎರಡರಷ್ಟು ಮಾಡಿದರೆ ಸಾರು ನೀರು ನೀರು. ಆವಿಯಾಗಿ ಹೋಗುವುದು ಪಾತ್ರೆಯ ಬಾಯಗಲಕ್ಕೆ ತಕ್ಕಂತೆ, ಪ್ಯಾಕೆಟ್ಟಿನ ಎಣಿಕೆಗೆ ತಕ್ಕಂತಲ್ಲ. ಎರಡಕ್ಕೆ 900 ಮಿಲಿ ಸಾಕು. ಪುಡಿ ಮೊದಲೋ ಎಳೆ ಮೊದಲೋ ಎಂಬ ಜಗಳ ಕೊರಿಯಾದಲ್ಲಿ ಮುಗಿಯುವುದಿಲ್ಲ. ಪುಡಿ ಹಾಕಿದರೆ ಕುದಿಬಿಂದು ಏರುತ್ತದೆ ಎನ್ನುವ ವಾದ ಸುಳ್ಳಲ್ಲ, ಆದರೆ ಏರಿಕೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಅದಕ್ಕಿಂತ ಮುಖ್ಯವಾದದ್ದು ಬೇರೆ: ಭರ್ರನೆ ಕುದಿಯುವ ನೀರಿಗೆ ಪುಡಿ ಸುರಿದರೆ ಪ್ರತಿ ಕಣವೂ ಗುಳ್ಳೆಗೆ ನೆಲೆಯಾಗಿ ಹಾಲಿನಂತೆ ಉಕ್ಕಿ ಒಲೆ ಮೇಲೆ ಹರಿಯುತ್ತದೆ. ಪುಡಿ ಮೊದಲು ಹಾಕುವುದಾದರೆ ತಣ್ಣೀರಿಗೇ ಹಾಕಿ. ಎಳೆಯ ಬಿಲ್ಲೆಯನ್ನು ಮುರಿಯಬೇಡಿ. ಶಿನ್‌ನ ಬಿಲ್ಲೆ ದುಂಡಗಿರುವುದು ಪಾತ್ರೆಯಲ್ಲಿ ಸರಿಯಾಗಿ ಕೂರಲೆಂದೇ. ಎರಡು ನಿಮಿಷ ಆದಮೇಲೆ ಕಡ್ಡಿಯಿಂದ ಎಳೆಗಳನ್ನು ನಾಲ್ಕೈದು ಸಲ ನೀರಿನಿಂದ ಮೇಲೆತ್ತಿ ಗಾಳಿ ಕಾಣಿಸಿದರೆ ಹೊರಮೈ ಕೊಂಚ ತಣಿದು ಬಿಗಿ ಉಳಿಯುತ್ತದೆ. ಮೊಟ್ಟೆ ಕೊನೆಯ ನಿಮಿಷಕ್ಕೆ. ಕದಡಿದರೆ ಸಾರು ಮಂದವಾಗಿ ಖಾರ ಸತ್ತುಹೋಗುತ್ತದೆ. ಸಾರು ತಿಳಿಯಾಗಿ ಬೇಕೆಂದರೆ ಒಡೆದು ಬಿಟ್ಟು ಮುಟ್ಟದೆ ಮುಚ್ಚಿಡಿ.

ಸಂಜೆ ಐದನೇ ಮಾರ್ಗದ ಯೊಇನರು ನಿಲ್ದಾಣದಲ್ಲಿ ಇಳಿದರೆ ಹಾನ್ ನದಿಯ ಯೊಇದೊ ಉದ್ಯಾನ. ‘ಹಾಂಗಾಂಗ್ ರಾಮ್ಯನ್’ ಎಂಬ ಹೆಸರೇ ಬಿದ್ದಿರುವ ಊಟ ಇಲ್ಲಿಯದು. ಉದ್ಯಾನದ ಅಂಗಡಿಯಲ್ಲಿ ಪ್ಯಾಕೆಟ್ಟು ಮತ್ತು ಬಟ್ಟಲಿಗೆ ಹಣ ಕೊಟ್ಟು, ಹೊರಗಿನ ಯಂತ್ರದ ಮೇಲೆ ಬಟ್ಟಲಿಟ್ಟರೆ ಬಿಸಿನೀರು ತಾನೇ ಬಿದ್ದು ಕೆಳಗಿನಿಂದ ಕುದಿಯುತ್ತದೆ. ಎಳೆ, ಪುಡಿ, ಒಣತರಕಾರಿ ಎಲ್ಲವನ್ನೂ ಗುಂಡಿ ಒತ್ತುವ ಮೊದಲೇ ಬಟ್ಟಲಲ್ಲಿರಿಸಿ. ಬಟ್ಟಲು ನಡುವೆ ಕೂರದಿದ್ದರೆ ನೀರು ಬೀಳುತ್ತದೆ, ಬಿಸಿ ಹಿಡಿಯುವುದಿಲ್ಲ. ನಾಲ್ಕು ನಿಮಿಷ ಕಳೆದ ಮೇಲೂ ಎಳೆ ನಡುವೆ ಗಟ್ಟಿಯಿರಬಹುದು. ಆಗ ಮತ್ತೆ ಮೊದಲ ಗುಂಡಿ ಒತ್ತಬೇಡಿ, ಇನ್ನೊಂದು ಸುತ್ತು ನೀರು ಬಂದು ಸಾರು ಕೆಡುತ್ತದೆ. ಬರೀ ಬಿಸಿ ಮಾಡುವ ಗುಂಡಿಯನ್ನು ಹುಡುಕಿ ಒತ್ತಿ. ಬಟ್ಟಲನ್ನು ಅಂಚು ಹಿಡಿದು ಎತ್ತಿದರೆ ಮಡಿಚಿಕೊಂಡು ಕೈ ಸುಡುತ್ತದೆ. ಕೆಳಗೆ ಒಂದು ರಟ್ಟು ಕೊಟ್ಟು ಒಯ್ಯಿರಿ. ಉಳಿದ ಸಾರನ್ನು ಹುಲ್ಲಿಗೆ ಚೆಲ್ಲುವ ಹಾಗಿಲ್ಲ, ಅದಕ್ಕೆಂದೇ ಡಬ್ಬಗಳನ್ನು ಇಟ್ಟಿರುತ್ತಾರೆ. ಜೆಜು ದ್ವೀಪದ ಹಲ್ಲಾಸಾನ್ ಬೆಟ್ಟದಲ್ಲಿ ಈ ಪೀಡೆ ಎಷ್ಟು ಹೆಚ್ಚಿತೆಂದರೆ, ಅರ್ಧ ಪುಡಿ ಅರ್ಧ ನೀರು ಹಾಕಿ, ಸಾರು ಉಳಿಸಬೇಡಿ ಎಂದು ಉದ್ಯಾನದವರೇ ಚಾರಣಿಗರನ್ನು ಕೇಳಿಕೊಳ್ಳಬೇಕಾಯಿತು.

ಇನ್ನೊಂದು ಮಾತು ಕಪ್ ನೂಡಲ್ಸ್ ಬಗ್ಗೆ. ಕೊರಿಯಾದ ಮೊದಲ ಕಪ್ ರಾಮ್ಯನ್ ಅನ್ನೂ ಸಮ್ಯಾಂಗ್ ಕಂಪನಿಯೇ 1972ರಲ್ಲಿ ತಂದು ಸೋತಿತು, ಬೆಲೆ ಹೆಚ್ಚು. ಹತ್ತು ವರ್ಷ ಬಿಟ್ಟು ನೊಂಗ್‌ಶಿಮ್ ಉದ್ದ ಕಪ್ಪು ಬಿಟ್ಟು ಅಗಲ ಬಾಯಿಯ ಬಟ್ಟಲಿನಲ್ಲಿ, ‘ಸಬಲ್‌ಮ್ಯನ್’ ಎಂದು, 86 ಗ್ರಾಂನ, ಖಾರದ ಗೋಮಾಂಸ ಸಾರಿನ ಯುಕ್‌ಗೆಜಾಂಗ್ ತಂದಾಗ ಗೆದ್ದಿತು. ಸಾರು ಕುಡಿಯುವವರಿಗೆ ಎತ್ತಿ ಕುಡಿಯುವ ಬಟ್ಟಲೇ ಬೇಕಿತ್ತು. ಕಪ್ಪಿನ ಎಳೆ ತೆಳ್ಳಗೆ, ಅದರಲ್ಲಿ ಪಿಷ್ಟದ ಪಾಲು ಜಾಸ್ತಿ. ಕುದಿಸದೆ ಬರೀ ಬಿಸಿನೀರಿನಲ್ಲಿ ಮೂರು ನಿಮಿಷಕ್ಕೆ ಬೇಯಬೇಕಲ್ಲ. ಅದನ್ನು ಪಾತ್ರೆಯಲ್ಲಿ ಕುದಿಸಿದರೆ ಮುದ್ದೆಯಾಗುತ್ತದೆ. ಪಾತ್ರೆಯದನ್ನು ಬಿಸಿನೀರಿನಲ್ಲಿ ನೆನೆಸಿದರೆ ನಡುವೆ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ.

ಮೂರನೇ ದಿನ: ಉಯಿಜಂಗ್ಬು

ಸಿಯೋಲ್‌ನ ಉತ್ತರಕ್ಕೆ, ಮೆಟ್ರೊದ ಒಂದನೇ ಮಾರ್ಗದಲ್ಲಿ ಉಯಿಜಂಗ್ಬು. ಅಮೆರಿಕನ್ ಸೇನಾ ನೆಲೆಗಳಿದ್ದ ಊರು. ಬುದೇ-ಜಿಗೆ ಎಂಬ ‘ಸೇನಾ ಶಿಬಿರದ ಗಟ್ಟಿ ಸಾರು’ ಇಲ್ಲಿಯದು, ಅದಕ್ಕೆಂದೇ ಒಂದು ಬೀದಿ ಇದೆ. ನಮ್ದೇಮುನ್‌ನ ಹಂದಿ ಗಂಜಿಗೂ ಇದಕ್ಕೂ ಬೇರು ಒಂದೇ: ಶಿಬಿರದಿಂದ ಹೊರಬಂದ ಹ್ಯಾಮ್, ಸಾಸೇಜು. ಇಲ್ಲಿ ಅದು ಕಿಮ್ಚಿ ಎಂಬ ಹುಳಿಬಂದ ಖಾರದ ಎಲೆಕೋಸು, ಮೆಣಸಿನ ಹಿಟ್ಟು, ಈರುಳ್ಳಿ ಸೊಪ್ಪು, ತೋಫು ಜತೆಗೂಡಿ ಮರ್ಯಾದೆಯ ಅಡುಗೆಯಾಯಿತು. 1960ರಲ್ಲಿ ಶುರುವಾದ ಒದೆಂಗ್ ಶಿಕ್‌ದಾಂಗ್ ಈ ಬೀದಿಯ ಹಳೆಯ ಮನೆ. ಹೆಸರಿನಲ್ಲಿರುವ ಒದೆಂಗ್ ಎಂದರೆ ಮೀನಿನ ಹಿಟ್ಟಿನ ತಿಂಡಿ. ಅಂಗಡಿ ಮೊದಲು ಮಾರುತ್ತಿದ್ದದ್ದು ಅದನ್ನೇ.

ಮೇಜಿನ ನಡುವೆ ಗ್ಯಾಸ್ ಒಲೆ, ಅದರ ಮೇಲೆ ಅಗಲ ಬಾಣಲೆ. ಸಾಮಾನ್ಯವಾಗಿ ಇಬ್ಬರಿಗಿಂತ ಕಡಿಮೆ ಜನಕ್ಕೆ ಹಾಕುವುದಿಲ್ಲ. ಇಲ್ಲಿ ರಾಮ್ಯನ್ ಬರುವುದು ಪುಡಿಯಿಲ್ಲದೆ, ಬರೀ ಎಳೆಯ ಬಿಲ್ಲೆಯಾಗಿ. ಹೆಸರು ‘ಸಾರಿ’. ಕ್ಷಮೆಯೂ ಅಲ್ಲ, ಸೀರೆಯೂ ಅಲ್ಲ. ಸುರುಳಿ ಸುತ್ತಿಟ್ಟ ಎಳೆ ಎಂದರ್ಥ. ಅಂಗಡಿಯಲ್ಲಿ 110 ಗ್ರಾಂನ ಬಿಲ್ಲೆಯಾಗಿ ಬಿಡಿಯಾಗಿಯೂ ಸಿಗುತ್ತದೆ.

ಸಾರಿಯನ್ನು ಯಾವಾಗ ಹಾಕಬೇಕು ಎನ್ನುವುದರಲ್ಲಿ ಇಡೀ ಊಟ ನಿಂತಿದೆ. ಹಸಿದವರು ಮೊದಲೇ ಹಾಕುತ್ತಾರೆ. ಹುರಿದೊಣಗಿಸಿದ ಎಳೆ ಸ್ಪಂಜಿನಂತೆ ಸಾರನ್ನು ಹೀರುತ್ತದೆ. ಕಿಮ್ಚಿ, ಸಾಸೇಜು ರಸ ಬಿಡುವ ಮೊದಲೇ ಬಾಣಲೆ ಬತ್ತಿ ತಳ ಹಿಡಿಯುತ್ತದೆ. ಎಳೆಯ ಪಿಷ್ಟವೂ ಬಿಟ್ಟುಕೊಂಡು ಸಾರು ಅಂಟಂಟಾಗುತ್ತದೆ. ಮೊದಲು ಎಂಟು ಹತ್ತು ನಿಮಿಷ ಸಾರು ಕುದಿಯಲಿ, ಅರ್ಧ ಬಟ್ಟಲು ತಿಳಿಸಾರನ್ನು ತೆಗೆದು ಕುಡಿಯಿರಿ, ಆಮೇಲೆ ‘ಯುಕ್ಸು’ ಇನ್ನಷ್ಟು ಕೇಳಿ. ಅದು ಬೇಯಿಸಿದ ಮೂಲ ಸಾರು. ನೀರು ಹಾಕಿದರೆ ರುಚಿ ತೆಳುವಾಗುತ್ತದೆ. ನಂತರ ಸಾರಿ ಹಾಕಿ ಮೂರು ನಿಮಿಷಕ್ಕೆ ಎತ್ತಲು ಶುರುಮಾಡಿ. ಬಟ್ಟಲಿಗೆ ಬಂದ ಮೇಲೂ ಅದು ಬೇಯುತ್ತಲೇ ಇರುತ್ತದೆ.

ಸಸ್ಯಾಹಾರಿಗಳಿಗೆ ಈ ದಿನ ನೋಟಕ್ಕಷ್ಟೇ. ಆದರೆ ಪಾಠವನ್ನು ಮನೆಗೆ ಒಯ್ಯಬಹುದು: ಬರೀ ಎಳೆಯನ್ನು ಯಾವ ಗಟ್ಟಿ ಸಾರಿಗೂ ಹೀಗೆ ಕೊನೆಗೆ ಬಿಡಬಹುದು.

ನಾಲ್ಕನೇ ದಿನ: ಗುಮಿ

ಮೊದಲು ರೈಲಿನ ಎಚ್ಚರಿಕೆ. ವೇಗದ ಕೆಟಿಎಕ್ಸ್ ಹೆಚ್ಚಾಗಿ ನಿಲ್ಲುವುದು ‘ಗಿಮ್ಚಾನ್ಗುಮಿ’ ನಿಲ್ದಾಣದಲ್ಲಿ. ಅದಿರುವುದು ಪಕ್ಕದ ಊರಿನಲ್ಲಿ, ಅಲ್ಲಿಂದ ಗುಮಿಗೆ ಮತ್ತೆ ಬಸ್ಸು ಹಿಡಿಯಬೇಕು. ಸಿಯೋಲ್‌ನಿಂದ ಹೊರಡುವ ಐಟಿಎಕ್ಸ್ ಸೆಮಾಉಲ್ ಅಥವಾ ಮುಗುಂಗ್‌ಹ್ವಾ ರೈಲು ನಿಧಾನ, ಆದರೆ ನೇರ ಗುಮಿ ನಿಲ್ದಾಣದಲ್ಲೇ ಇಳಿಸುತ್ತದೆ. ಟಿಕೆಟ್ಟಿನ ಮೇಲೆ ಬರೀ ‘ಗುಮಿ’ ಇದೆಯೇ ನೋಡಿಕೊಳ್ಳಿ.

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಊರಿಗೆ ರಾಮ್ಯನ್ ಹೆಸರು ತಂದದ್ದು ಇಲ್ಲಿರುವ ನೊಂಗ್‌ಶಿಮ್ ಘಟಕ. 2022ರಿಂದ ಊರಿನಲ್ಲಿ ರಾಮ್ಯನ್ ಹಬ್ಬ ನಡೆಯುತ್ತದೆ. 2024ರಲ್ಲಿ ನವೆಂಬರ್ 1ರಿಂದ 3ರವರೆಗೆ ನಿಲ್ದಾಣದ ಮುಂದಿನ ರಸ್ತೆಯಲ್ಲಿ 475 ಮೀಟರ್ ಉದ್ದಕ್ಕೆ ಊಟದ ಸಾಲು ಹಾಕಿದ್ದರು. ಪ್ರವಾಸವನ್ನು ನವೆಂಬರ್ ಮೊದಲ ವಾರಾಂತ್ಯಗಳಿಗೆ ಹೊಂದಿಸಿಕೊಳ್ಳಲು ಇದೊಂದೇ ಕಾರಣ ಸಾಕು. ತಾರೀಕು ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಬೇಕು.

ಸಾಲುಗಳಲ್ಲಿ ಉದ್ದನೆಯದು ಅಂದೇ ಕರಿದ ಪ್ಯಾಕೆಟ್ಟಿನ ಮಳಿಗೆಯದು. ಅಂಗಡಿಯಲ್ಲಿ ಸಿಗುವ ಅದೇ ರಾಮ್ಯನ್‌ಗೆ ಇಷ್ಟು ನೂಕುನುಗ್ಗಲು ಏಕೆಂದರೆ, ವ್ಯತ್ಯಾಸವಿರುವುದು ಎಣ್ಣೆಯಲ್ಲಿ. ಕಾರ್ಖಾನೆಯಲ್ಲಿ ಹಿಟ್ಟನ್ನು ಉರುಳೆಗಳ ನಡುವೆ ಹಾಳೆಯಾಗಿಸಿ, ಹಲ್ಲಿನ ಉರುಳೆಯಿಂದ ಎಳೆಯಾಗಿ ಸೀಳುತ್ತಾರೆ. ಎಳೆ ಬೀಳುವ ಪಟ್ಟಿ ಎಳೆ ಬರುವ ವೇಗಕ್ಕಿಂತ ನಿಧಾನ ಓಡುತ್ತದೆ, ಹಾಗಾಗಿ ಎಳೆ ತಾನಾಗಿ ಗುಂಗುರು ಗುಂಗುರಾಗುತ್ತದೆ. ಗುಂಗುರಿದ್ದರೆ ಬಿಲ್ಲೆಯಲ್ಲಿ ಸಂದು ಉಳಿದು ಕರಿಯುವಾಗ ಆವಿ ಹೊರಹೋಗುತ್ತದೆ, ಕುದಿಸುವಾಗ ನೀರು ಒಳಬರುತ್ತದೆ, ಸಾಗಣೆಯಲ್ಲಿ ಮುರಿಯುವುದೂ ಕಡಿಮೆ. ಮುಂದೆ ಹಬೆಯಲ್ಲಿ ಬೇಯಿಸುತ್ತಾರೆ. ಪಿಷ್ಟ ಬೇಯುವುದು ಇಲ್ಲಿಯೇ. ಆಮೇಲೆ ಅಚ್ಚಿಗೆ ಹಾಕಿ 150 ಡಿಗ್ರಿ ಆಸುಪಾಸಿನ ತಾಳೆ ಎಣ್ಣೆಯಲ್ಲಿ ಒಂದೆರಡು ನಿಮಿಷ. ಒಳಗಿನ ನೀರು ಆವಿಯಾಗಿ ಸಿಡಿದು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ನಾಲ್ಕು ನಿಮಿಷದಲ್ಲಿ ಬೇಯುವ ಗುಟ್ಟು ಈ ರಂಧ್ರಗಳದು, ಆದರೆ ಅವುಗಳಲ್ಲಿ ಎಣ್ಣೆಯೂ ಕೂತಿರುತ್ತದೆ. ಹಪ್ಪಳ ಕರಿದಿಟ್ಟರೆ ದಿನ ಕಳೆದಂತೆ ಮುಗ್ಗಲು ವಾಸನೆ ಬರುವಂತೆ ಇದಕ್ಕೂ ಬರುತ್ತದೆ. ಕೊರಿಯಾದಲ್ಲಿ ಕರಿದ ಪ್ಯಾಕೆಟ್ಟಿಗೆ ಸುಮಾರು ಆರು ತಿಂಗಳ ಗಡುವು ಇರುವುದು ಇದರಿಂದಲೇ. ಅಂದೇ ಕರಿದದ್ದನ್ನು ಹಸಿಯಾಗಿ ಮುರಿದು ಬಾಯಿಗಿಟ್ಟರೆ ಗೋಧಿಯ ಸಿಹಿ ತಿಳಿಯುತ್ತದೆ. ಬೇಯಿಸಿದ ಮೇಲೆ, ಅಷ್ಟೂ ಮೆಣಸಿನ ನಡುವೆ, ಆ ವ್ಯತ್ಯಾಸವನ್ನು ಹೇಳಬಲ್ಲವರು ಕಡಿಮೆ. ಎಣ್ಣೆಯೇ ಬೇಡವೆಂದರೆ ಗಾಳಿಯಲ್ಲಿ ಒಣಗಿಸಿದ ‘ಗೊನ್‌ಮ್ಯನ್’ ಇದೆ. 2019ರ ಶಿನ್ ಗೊನ್‌ಮ್ಯನ್‌ನಲ್ಲಿ ಕ್ಯಾಲೊರಿ 350ರ ಹತ್ತಿರ, ಕರಿದದ್ದರಲ್ಲಿ 500.

ಎಣ್ಣೆಯ ಮಾತು ಬಂದ ಮೇಲೆ 1989 ಬಿಟ್ಟು ಮುಂದೆ ಹೋಗುವಂತಿಲ್ಲ. ಆಗ ಸಮ್ಯಾಂಗ್ ಮುಂತಾದ ಕಂಪನಿಗಳು ದನದ ಕೊಬ್ಬಿನಲ್ಲಿ ಕರಿಯುತ್ತಿದ್ದವು. ಅದು ಕೈಗಾರಿಕಾ ದರ್ಜೆಯ ಕೊಬ್ಬು ಎಂದು ಆ ವರ್ಷದ ನವೆಂಬರಿನಲ್ಲಿ ಪ್ರಾಸಿಕ್ಯೂಷನ್ ಆರೋಪ ಹೊರಿಸಿತು. ಅಂಗಡಿಗಳಿಂದ ಪ್ಯಾಕೆಟ್ಟು ವಾಪಸು, ಕಾರ್ಖಾನೆ ಸ್ತಬ್ಧ. 1997ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನಿರಪರಾಧಿ ಎಂದಿತು. ಎಂಟು ವರ್ಷ ತಡವಾದ ತೀರ್ಪು. ಅಷ್ಟರೊಳಗೆ ಇಡೀ ಉದ್ಯಮ ತಾಳೆ ಎಣ್ಣೆಗೆ ಬದಲಾಗಿತ್ತು, ಸಮ್ಯಾಂಗ್ ನೆಲಕಚ್ಚಿತ್ತು. 2025ರ ನವೆಂಬರಿನಲ್ಲಿ ಅದೇ ಕಂಪನಿ ‘ಸಮ್ಯಾಂಗ್ 1963’ ಎಂಬ ಹೆಸರಿನಲ್ಲಿ ದನದ ಕೊಬ್ಬಿನ ರಾಮ್ಯನ್ ಅನ್ನು ಮತ್ತೆ ತಂದಿತು. ಎಳೆ ತಾಳೆ ಎಣ್ಣೆಯದು, ಹೇಗೂ ಸಸ್ಯಜನ್ಯ ಎಂದು ಕಣ್ಣುಮುಚ್ಚಿ ಕೊಳ್ಳುವವರು ಇನ್ನು ಹಿಂಬದಿ ಓದಲೇಬೇಕು.

ಐದನೇ ದಿನ: ಇಂಚಿಯಾನ್

ಒಂದನೇ ಮಾರ್ಗದ ಕೊನೆಯ ನಿಲ್ದಾಣ ಇಂಚಿಯಾನ್. ಎದುರಿಗೇ ಚೈನಾಟೌನಿನ ಕೆಂಪು ಕಮಾನು. ಚೀನಾದ ಶಾನ್‌ಡಾಂಗ್‌ನಿಂದ ಬಂದವರು ಕಪ್ಪು ಸೋಯಾ ಹಿಟ್ಟಿನಲ್ಲಿ ಕಲಸಿ ಕೊಡುತ್ತಿದ್ದ ನೂಡಲ್ಸ್ ಇಲ್ಲಿ ಕೊರಿಯಾದ್ದೇ ಆಗಿ ಜಜಾಂಗ್‌ಮ್ಯನ್ ಎನಿಸಿಕೊಂಡಿತು. ಗೊಂಗ್‌ಹ್ವಾಚುನ್ ಎಂಬ ಹಳೆಯ ಹೋಟೆಲಿನ ಕಟ್ಟಡ 2012ರಿಂದ ಜಜಾಂಗ್‌ಮ್ಯನ್ ಸಂಗ್ರಹಾಲಯ. ಒಳಗೆ ಪ್ಯಾಕೆಟ್ಟಿನ ಅವತಾರಕ್ಕೂ ಜಾಗವಿದೆ. ಆ ಅವತಾರವೇ 1984ರ ಚಾಪಗೆಟ್ಟಿ: ಜಜಾಂಗ್ ಅರ್ಧ, ಸ್ಪಗೆಟ್ಟಿ ಅರ್ಧ. ನಾಲ್ಕು ದಿನ ಸಾರಿನ ಹಿಂದೆ ಸುತ್ತಿದ ಮೇಲೆ ಸಾರನ್ನೇ ಚೆಲ್ಲುವ ರಾಮ್ಯನ್ ಎದುರಾಗುವುದು ಇಲ್ಲಿ.

ಚಾಪಗೆಟ್ಟಿಗೆ ನೀರು 600 ಮಿಲಿ, ಐದು ನಿಮಿಷ. ಎಂಟು ಚಮಚದಷ್ಟು, ಅಂದರೆ ಸುಮಾರು 100ರಿಂದ 120 ಮಿಲಿ ನೀರು ಉಳಿಸಿ ಮಿಕ್ಕಿದ್ದನ್ನು ಬಸಿಯಬೇಕು. ಪೂರ್ತಿ ಬಸಿದು ಪುಡಿ ಹಾಕಿದರೆ ಗಂಟು ಗಂಟು, ಎಳೆಗೆ ಹತ್ತುವುದೇ ಇಲ್ಲ. ಉಳಿಸಿದ ನೀರಿನಲ್ಲಿರುವ ಪಿಷ್ಟವೇ ಪುಡಿಯನ್ನು ಗೊಜ್ಜಿನ ಹದಕ್ಕೆ ತರುವುದು. ಸಣ್ಣ ಉರಿಯಲ್ಲಿ ಕಲಸಿ, ಕೊನೆಗೆ ಒಳಗಿರುವ ಎಣ್ಣೆ. ಬಸಿದ ಬಿಸಿನೀರನ್ನು ಎಲ್ಲಿ ಚೆಲ್ಲುವುದು ಎಂದು ಮೊದಲೇ ಯೋಚಿಸಿ. ಹೋಟೆಲ್ ಕೋಣೆಯ ಬಚ್ಚಲಲ್ಲಿ ಎಳೆಗಳೂ ಜಾರಿ ಹೋಗುವುದು ಎಲ್ಲರಿಗೂ ಒಮ್ಮೆ ಆಗುವಂಥದ್ದು.

ಇದಕ್ಕೆ ನೊಗುರಿ ಸೇರಿಸಿದರೆ ಚಾಪಗುರಿ. ಮೊದಲಿನಿಂದಲೂ ಜನ ಮಾಡಿಕೊಳ್ಳುತ್ತಿದ್ದದ್ದು. 2020ರಲ್ಲಿ ಆಸ್ಕರ್ ಗೆದ್ದ ಕೊರಿಯನ್ ಚಿತ್ರದಲ್ಲಿ ದುಬಾರಿ ಗೋಮಾಂಸದ ಜತೆ ಕಾಣಿಸಿಕೊಂಡ ಮೇಲೆ ಜಗತ್ತಿಗೆ ಗೊತ್ತಾಯಿತು. ಒಂದು ಚಾಪಗೆಟ್ಟಿ, ಒಂದು ನೊಗುರಿ, ನೀರು 1,100 ಮಿಲಿ, ನಾಲ್ಕೂವರೆ ನಿಮಿಷ. 150 ಮಿಲಿ ಉಳಿಸಿ ಬಸಿದು ಚಾಪಗೆಟ್ಟಿ ಪುಡಿ ಪೂರ್ತಿ, ನೊಗುರಿ ಪುಡಿ ಅರ್ಧ. ಎರಡೂ ಪೂರ್ತಿ ಹಾಕಿದರೆ ಉಪ್ಪು ಮಿತಿ ಮೀರುತ್ತದೆ, ಏಕೆಂದರೆ ನೊಗುರಿಯ ಪುಡಿ 550 ಮಿಲಿ ಸಾರಿಗೆ ಅಳೆದದ್ದು. ನೊಗುರಿಯ ಎಳೆ ದಪ್ಪವಾದ್ದರಿಂದ ಅದನ್ನು ಅರ್ಧ ನಿಮಿಷ ಮೊದಲು ಬಿಡಿ. ಪ್ಯಾಕೆಟ್ಟಿನಲ್ಲಿರುವ ಕಪ್ಪು ಚೌಕ ವಾಂಡೊ ಕಡಲಿನ ದಾಶಿಮಾ ಎಂಬ ಕಡಲಪಾಚಿ. ನೀರು ತಣ್ಣಗಿರುವಾಗಲೇ ಹಾಕಿದರೆ ರುಚಿ ಬಿಡುತ್ತದೆ. ತಿನ್ನುವುದೋ ಎಸೆಯುವುದೋ ಅವರವರಿಗೆ ಬಿಟ್ಟದ್ದು.

ಅದೇ 1984ರ ಪಾಲ್ಡೊ ಬಿಬಿಮ್‌ಮ್ಯನ್ ಬೇಸಿಗೆಯ ತಿಂಡಿ. ಮೂರು ನಿಮಿಷ ಬೇಯಿಸಿ, ತಣ್ಣೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು, ನೀರು ಹಿಂಡಿ, ಹುಳಿ ಸಿಹಿ ಖಾರದ ಗೊಜ್ಜಿನಲ್ಲಿ ಕಲಸುವುದು. ಕೆಡುವುದು ಒಂದೇ ಕಡೆ: ನೀರು ಸರಿಯಾಗಿ ಹಿಂಡದಿದ್ದರೆ ಗೊಜ್ಜು ತೆಳುವಾಗಿ ತಟ್ಟೆಯ ತಳದಲ್ಲಿ ಕೂರುತ್ತದೆ.

ಇನ್ನು ಬುಲ್ಡಾಕ್. ನೆಲಕಚ್ಚಿದ್ದ ಸಮ್ಯಾಂಗ್ ಅನ್ನು ಎಬ್ಬಿಸಿದ್ದು 2012ರ ಏಪ್ರಿಲಿನಲ್ಲಿ ಬಂದ ಈ ‘ಬೆಂಕಿ ಕೋಳಿ’. ಮ್ಯೊಂಗ್‌ಡೊಂಗ್‌ನಲ್ಲಿ ಖಾರದ ಹೋಟೆಲೊಂದರ ಮುಂದಿನ ಸಾಲು ಕಂಡು ಹೊಳೆದದ್ದು ಎನ್ನುತ್ತಾರೆ ಕಂಪನಿಯ ಕಿಮ್ ಜಂಗ್‌ಸು. ಇಲ್ಲೂ ಒಂದು ಸಾಲು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಶಿನ್ 3,400, ಬುಲ್ಡಾಕ್ 4,404. ಅಂಕೆಯಲ್ಲಿ ದೊಡ್ಡ ಅಂತರವಿಲ್ಲ, ಬಾಯಲ್ಲಿ ಇದೆ. ಮೆಣಸಿನ ಖಾರ ಕರಗುವುದು ಎಣ್ಣೆಯಲ್ಲಿ. ಶಿನ್‌ನಲ್ಲಿ ಅದು ಸಾರಿನ ಮೇಲೆ ತೇಲಿ ಅಷ್ಟಷ್ಟೇ ಬರುತ್ತದೆ. ಬುಲ್ಡಾಕ್‌ನಲ್ಲಿ ಗೊಜ್ಜಾಗಿ ಎಳೆಗೆ ಮೆತ್ತಿಕೊಂಡು ಒಂದೂ ತಪ್ಪದೆ ನಾಲಿಗೆ ಮುಟ್ಟುತ್ತದೆ. ಮೇಲೆ ನೀರು ಕುಡಿದರೆ ಖಾರ ಬಾಯಿ ತುಂಬ ಹರಡುತ್ತದೆ ಅಷ್ಟೆ. ಹಾಲು, ಮೊಸರು ಕೆಲಸ ಮಾಡುತ್ತವೆ. ಗುಂಟೂರು ಮೆಣಸಿಗೆ ಪಳಗಿದವರೂ ಬುಲ್ಡಾಕ್‌ನ ಸಿಹಿಗೆ ಮೋಸಹೋಗುತ್ತಾರೆ, ಖಾರ ಅದರ ಬೆನ್ನಿಗೇ ಬರುತ್ತದೆ. ಮೊದಲ ಸಲ ಗೊಜ್ಜನ್ನು ಅರ್ಧ ಹಾಕಿ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರಕಾರ ಇದರ ಮೂರು ಅತಿಖಾರದ ಬಗೆಗಳನ್ನು ಅಂಗಡಿಗಳಿಂದ ತೆಗೆಸಿ, ಮುಂದಿನ ತಿಂಗಳು ಎರಡಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು.

ಮಧ್ಯಾಹ್ನದ ಹೊತ್ತಿಗೆ ವಿಮಾನ ನಿಲ್ದಾಣದ ದಾರಿ. ಕಪ್ ನೂಡಲ್ಸ್‌ಗಳನ್ನು ಪೆಟ್ಟಿಗೆಗೆ ತುಂಬಬೇಡಿ, ಬಟ್ಟೆಯ ಜಾಗ ತಿಂದು ಕೊನೆಗೆ ನುಜ್ಜುಗುಜ್ಜಾಗುತ್ತವೆ. ಪ್ಯಾಕೆಟ್ಟುಗಳನ್ನು ನಿಲ್ಲಿಸಿ, ಸುತ್ತ ಬಟ್ಟೆ ತುರುಕಿ. ಡಬ್ಬಿ, ಬಾಟಲಿಯ ಮೆಣಸಿನ ಗೊಜ್ಜು ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಬೀಳುತ್ತದೆ. ತಾರೀಕನ್ನು ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಎಂದು ಓದಿ. ಪಕ್ಕದ ‘ಕಾಜಿ’ ಎಂದರೆ ‘ವರೆಗೆ’, ಅದು ತಯಾರಿಸಿದ ದಿನವಲ್ಲ. ಸಾರು ಮಿಕ್ಕರೆ ಅದಕ್ಕೆ ತಂಗಳನ್ನ ಹಾಕಿಕೊಳ್ಳಿ, ಕೊರಿಯನ್ನರೂ ತಣ್ಣನೆಯ ಅನ್ನವನ್ನೇ ಬಯಸುತ್ತಾರೆ. ಬಿಸಿ ಅನ್ನ ಸಾರಿನಲ್ಲಿ ಬೇಗ ಗಂಜಿಯಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 4 ನಿಮಿಷ 30 ಸೆಕೆಂಡಿಗೆ ಇನ್ನರ್ಧ ನಿಮಿಷ ಸೇರಿಸಿ, ಮಡಿಕೇರಿಯಲ್ಲಾದರೆ ಅದಕ್ಕಿಂತ ತುಸು ಹೆಚ್ಚು. ಮಂಗಳೂರಿನವರು ಪ್ಯಾಕೆಟ್ಟಿನ ಮೇಲೆ ಇರುವಂತೆಯೇ ಮಾಡಿದರೆ ಸರಿ.